ಗಡಿನಾಡಿನ ನೆಟ್ಟಿಗದ್ದೆ: ಋತು, ಹೆಸರು, ಪಾಲು – ಕಾಸರಗೋಡಿನ ಒಂದು ತರಕಾರಿ ಗುಂಪನ್ನು ಅನುಲಕ್ಷಿಸಿ

ಧ್ವನಿ ಸರಿಯಾಗಿ ಕೇಳ್ತಾ ಉಂಟು ಅಂತ ಭಾವಿಸ್ತೇನೆ. ನಮ್ಮ ಕಡೆ ಮಳೆ ಜೋರಿದೆ, ನಡುವಿನಲ್ಲಿ ಸಂಪರ್ಕ ತಪ್ಪಿದ್ರೆ ಎರಡು ನಿಮಿಷ ಕಾಯಬೇಕು.

ಗಡಿನಾಡ ಕನ್ನಡ ಅಂದ ಕೂಡಲೇ ನಮಗೆ ಶಾಲೆ, ಯಕ್ಷಗಾನ, ಪತ್ರಿಕೆ, ಏಕೀಕರಣದ ಹೋರಾಟ ಇವೆಲ್ಲ ನೆನಪಾಗ್ತವೆ. ಕಾಸರಗೋಡಿನ ಮಟ್ಟಿಗೆ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಅವರಿಂದ ಮಾತು ಶುರುವಾಗುವುದು ವಾಡಿಕೆ. ಕಯ್ಯಾರರು ಕವಿ, ಅಧ್ಯಾಪಕ, ಹೋರಾಟಗಾರ ಆಗಿದ್ದ ಹಾಗೆಯೇ ಕೃಷಿಕರೂ ಆಗಿದ್ದರು ಎಂಬುದನ್ನು ಮಾತ್ರ ನಾವು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗ್ತೇವೆ. ಆ ಒಂದು ವಾಕ್ಯದ ಹತ್ತಿರ ಸ್ವಲ್ಪ ನಿಲ್ಲಬೇಕು ಅಂತ ನನಗೆ ಅನಿಸಿತು. ಹಾಗಾಗಿ ಇವತ್ತಿನ ನನ್ನ ವಿಷಯ ತರಕಾರಿ.

ಇದು ಸಾಹಿತ್ಯ ವಿಭಾಗಕ್ಕೆ ಹೊಂದುವ ವಿಷಯವಾ ಅಂತ ಕೆಲವರು ಕೇಳಿದ್ರು. ಕನ್ನಡಕ್ಕೆ ಇದು ಹೊಸತಲ್ಲ. ಕ್ರಿ.ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಗಿಡಮರಗಳ ಆರೈಕೆಯೂ ಅಡುಗೆಯೂ ಒಂದೇ ಗ್ರಂಥದೊಳಗೆ ಬರ್ತವೆ. 16ನೇ ಶತಮಾನದ ಆರಂಭದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಬದನೆಕಾಯಿಯ ಅಡುಗೆಗಳೇ ಸಾಲುಸಾಲು ಇವೆ. ಹಾಗಾಗಿ ಬದನೆಯ ಬಗ್ಗೆ ಮಾತಾಡ್ಲಿಕ್ಕೆ ನಾನು ಹೆಚ್ಚು ಸಂಕೋಚ ಪಟ್ಟುಕೊಳ್ಳುವುದಿಲ್ಲ.

ನಾನು ಆರಿಸಿಕೊಂಡ ಗದ್ದೆ ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಮಂಜೇಶ್ವರ ತಾಲೂಕಿನ ಒಳನಾಡಿನಲ್ಲಿದೆ. ಸುಮಾರು ಅರ್ಧ ಎಕರೆ. ಎಂಟು ಮಂದಿ ಹೆಂಗಸರು ಸೇರಿ ಅಲ್ಲಿ ತರಕಾರಿ ಮಾಡ್ತಾರೆ. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಸಂಘಕೃಷಿಯ ಬಗ್ಗೆ ನೀವು ಕೇಳಿರಬಹುದು. ಇವರೂ ಆ ದಾರಿಯಲ್ಲೇ ಕಲಿತವರು. ಮಾರಾಟದ ಕ್ರಮ ಮಾತ್ರ ಬೇರೆ. ಪೇಟೆಗೆ ಕೊಂಡುಹೋಗಿ ಮಾರುವ ಬದಲು ಹದಿನಾಲ್ಕು ಮನೆಗಳು ಹಂಗಾಮಿನ ಮೊದಲೇ ಒಂದು ಮೊತ್ತ ಕೊಟ್ಟು ಪಾಲುದಾರರಾಗ್ತವೆ. ಆಮೇಲೆ ವಾರಕ್ಕೊಂದು ಸಲ, ಗದ್ದೆಯಲ್ಲಿ ಏನು ಆಗಿದೆಯೋ ಅದರಲ್ಲಿ ಹದಿನಾಲ್ಕನೇ ಒಂದು ಪಾಲು ಮನೆಗೆ ಬರ್ತದೆ. ಹೆಚ್ಚು ಆದ್ರೆ ಹೆಚ್ಚು, ಕಮ್ಮಿ ಆದ್ರೆ ಕಮ್ಮಿ. ಹುಳ ತಿಂದ್ರೆ ನಷ್ಟ ಎಲ್ಲರದ್ದು. ನಗರಗಳಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ಇಲ್ಲಿ ಅದನ್ನು 'ಪಾಲು' ಅಂತ ಮಾತ್ರ ಹೇಳ್ತಾರೆ. ನಮ್ಮ ಮನೆಯೂ ಒಂದು ಪಾಲಿನ ಮನೆ. ವಾರದ ಪಟ್ಟಿಯನ್ನು ವಾಟ್ಸಾಪಿಗೆ ಹಾಕುವ ಕೆಲಸ ಒಂದೂವರೆ ವರ್ಷದಿಂದ ನನ್ನದು. ಈ ಪ್ರಬಂಧಕ್ಕೆ ನನ್ನ ಆಕರ ಮುಖ್ಯವಾಗಿ ಆ ಪಟ್ಟಿಗಳೇ.

ಮೊದಲು ಋತುವಿನ ವಿಚಾರ. ತುಳುನಾಡಿನ ಗದ್ದೆಗೆ ಮೂರು ಬೆಳೆಯ ಲೆಕ್ಕ ಇತ್ತು: ಏಣೇಲು, ಸುಗ್ಗಿ, ಕೊಳಕೆ. ಮಳೆಗಾಲದ ಭತ್ತ ಏಣೇಲು, ಚಳಿಗಾಲದ್ದು ಸುಗ್ಗಿ, ನೀರು ಚೆನ್ನಾಗಿರುವ ತಗ್ಗಿನ ಗದ್ದೆಯಲ್ಲಿ ಬೇಸಗೆಯ ಕೊಳಕೆ. ಮೂರನೇ ಭತ್ತಕ್ಕೆ, ಎಷ್ಟೋ ಕಡೆ ಎರಡನೇ ಭತ್ತಕ್ಕೂ ನೀರು ಸಾಲದ ಗದ್ದೆಯಲ್ಲಿ ತರಕಾರಿ ಹಾಕ್ತಿದ್ದರು. ಅದು 'ನೆಟ್ಟಿ'. ಆ ಗದ್ದೆ ನೆಟ್ಟಿಗದ್ದೆ, ಅದರಲ್ಲಿ ಆದದ್ದು ನೆಟ್ಟಿಕಾಯಿ. ನಮ್ಮ ಭಾಗದ ಹವ್ಯಕ ಕನ್ನಡದಲ್ಲಿ ತರಕಾರಿ ಎಂಬ ಶಬ್ದಕ್ಕಿಂತ ನೆಟ್ಟಿಕಾಯಿ ಎಂಬುದೇ ಹಳೆಯ ಬಾಯಿಗಳಲ್ಲಿ ಸಲೀಸು. ಅಂದರೆ ತರಕಾರಿ ಭತ್ತದ ಬೆನ್ನಿಗೆ ಅಂಟಿಕೊಂಡಿದ್ದ ಬೆಳೆ. ಇದನ್ನು ಗಮನದಲ್ಲಿಡಿ, ಆಮೇಲೆ ಬೇಕಾಗ್ತದೆ.

ಮಳೆಗಾಲದಲ್ಲಿ ಗದ್ದೆ ನೀರಿನಡಿ ಇರುವುದರಿಂದ ತರಕಾರಿ ಎತ್ತರದ ಜಾಗಕ್ಕೆ, ಮನೆಯ ಹಿತ್ತಿಲಿಗೆ ಬರ್ತದೆ. ಪತ್ತನಾಜೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ದೈವದ ನೇಮಗಳು, ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುವ ದಿನ ಅಂತಲೇ ನಿಮಗೆಲ್ಲ ಗೊತ್ತು. ಬೆಂಡೆ, ಮುಳ್ಳುಸೌತೆ, ಹೀರೆ, ಪಡವಲ, ಹಾಗಲ, ಅಲಸಂಡೆ ಇವುಗಳ ಬೀಜ ಮಣ್ಣಿಗೆ ಬೀಳುವುದೂ ಆ ಹೊತ್ತಿಗೇ. (ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದೂ 1984ರ ಮೇ 24ರಂದು. ಯಾರೂ ಪಂಚಾಂಗ ನೋಡಿ ಮಾಡಿರ್ಲಿಕ್ಕಿಲ್ಲ.) ಬೆಂಡೆ, ಮುಳ್ಳುಸೌತೆ ಕೊಯ್ಲಿಗೆ ಬರಲು ಹೆಚ್ಚುಕಮ್ಮಿ ಒಂದೂವರೆ ತಿಂಗಳು ಬೇಕು. ಹಾಗಾಗಿ ಆಟಿ ತಿಂಗಳ ಹೊತ್ತಿಗೆ ಮೊದಲ ಕಾಯಿ, ಸೋಣದಲ್ಲಿ ಅಷ್ಟಮಿ, ಚೌತಿಗೆ ಬುಟ್ಟಿ ತುಂಬ.

ನಡುವಿನ ಜೂನ್ ತಿಂಗಳಿನಲ್ಲಿ ಏನಿದೆ? ಏನೂ ಇಲ್ಲ. ಮೊದಲ ವರ್ಷ ಈ ಗುಂಪು ಒಡೆಯುವ ಹಂತಕ್ಕೆ ಬಂದದ್ದು ಇಲ್ಲಿಯೇ. ಮುಂಗಡ ಹಣ ಕೊಟ್ಟಾಗಿದೆ, ಐದು ವಾರ ಬುಟ್ಟಿಯಲ್ಲಿ ಒಂದು ಹಿಡಿ ಕೆಸುವಿನ ಎಲೆ, ಒಂದಿಷ್ಟು ಹಲಸಿನ ಬೀಜ ಅಷ್ಟೇ. ಕೆಲವು ಮನೆಯವರು "ಇದಕ್ಕಾ ನಾವು ದುಡ್ಡು ಕೊಟ್ಟದ್ದು" ಅಂತ ಗುಂಪಿನಲ್ಲೇ ಬರೆದ್ರು. ಪೇಟೆಯಲ್ಲಿ ಹನ್ನೆರಡು ತಿಂಗಳೂ ಬೀನ್ಸ್, ಕ್ಯಾರೆಟ್ ಸಿಗುವಾಗ ಕೋಪ ಬರುವುದು ಸಹಜ. ಆ ತರಕಾರಿ ಘಟ್ಟದ ಮೇಲಿನಿಂದ, ತಮಿಳುನಾಡಿನಿಂದ ಬರುವಂಥದ್ದು. ನಮ್ಮ ತಾಳವಾಡಿಯ ಮಿತ್ರರು ಇಲ್ಲಿದ್ದಾರೆ, ಅವರ ಊರಿನ ಕೋಸು ನಮ್ಮ ಪೇಟೆಗೂ ಬಂದಿದ್ದೀತು.

ಎರಡನೇ ವರ್ಷ ಗುಂಪಿನ ಹಿರಿಯ ಅಕ್ಕ ಒಬ್ಬರು ಹೇಳಿದ ಉಪಾಯ ಹೊಸತೇನೂ ಅಲ್ಲ, ಅವರ ಅಜ್ಜಿಯ ಮನೆಯ ಕ್ರಮ. ನೆಟ್ಟಿಗದ್ದೆಯ ಮುಖ್ಯ ಬೆಳೆ ಸೌತೆ. ಜನವರಿಯಲ್ಲಿ ಬೀಜ ಹಾಕಿದ್ರೆ ಬಿಸುವಿಗೆ, ಅಂದರೆ ಏಪ್ರಿಲ್ 14ರ ಹೊತ್ತಿಗೆ ಹಳದಿ ಬಣ್ಣ ತಿರುಗಿದ ಸೌತೆ ಸಿಗ್ತದೆ. ಬಿಸು ಕಣಿಗೆ ಅದು ಬೇಕೇ ಬೇಕು. ನಮ್ಮಲ್ಲೂ ಬೇಕು, ಮಲಯಾಳ ಮಾತಾಡುವ ನೆರೆಮನೆಯ ವಿಷುಕಣಿಗೂ ಬೇಕು. ಹಾಗಾಗಿ ಆ ವಾರ ಪೇಟೆಯಲ್ಲಿ ಸೌತೆಗೆ ಒಳ್ಳೆಯ ಕ್ರಯ. ಮೊದಲ ವರ್ಷ ಹೆಂಗಸರು ಪಾಲಿಗಿಂತ ಹೆಚ್ಚಾದದ್ದನ್ನೆಲ್ಲ ಮಾರಿ ಮುಗಿಸಿದ್ದರು. ಎರಡನೇ ವರ್ಷ ಮಾರ್ಲಿಲ್ಲ. ಪೆಟ್ಟಾಗದ, ಪೂರ್ತಿ ಬಲಿತ ಸೌತೆಗಳನ್ನು ಆರಿಸಿ ಬಾಳೆನಾರಿನಲ್ಲಿ, ತೆಂಗಿನ ಗರಿಯಲ್ಲಿ ಒಂದೊಂದಾಗಿ ಕಟ್ಟಿ ಅಟ್ಟದ ಜಂತಿಗೆ ನೇತುಹಾಕಿದ್ರು. ಒಂದಕ್ಕೊಂದು ತಾಗಬಾರದು, ನೆಲಕ್ಕೂ ತಾಗಬಾರದು. ಗಾಳಿ ಆಡುತ್ತಿದ್ರೆ ಮಳೆಗಾಲದ ನಡುವಿನವರೆಗೂ ಕೆಡುವುದಿಲ್ಲ. ಕುಂಬಳಕಾಯಿಗೂ ಇದೇ ಕ್ರಮ. ಜೂನ್ ಪೂರ್ತಿ ಆ ಜಂತಿಯ ಸೌತೆಯೇ ಪಾಲಿಗೆ ಬಂತು. ವಾರಕ್ಕೆ ಎರಡು ಸೌತೆ, ಜತೆಗೆ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ದೊಡ್ಡ ಸಂಗತಿ ಅಂತ ಹೇಳ್ಲಿಕ್ಕಾಗದು. ಆದ್ರೆ ಹದಿನಾಲ್ಕರಲ್ಲಿ ಒಂದು ಮನೆಯೂ ಬಿಟ್ಟು ಹೋಗ್ಲಿಲ್ಲ.

ಚಾಟ್‌ನಲ್ಲಿ ಬೆಂಗಳೂರಿನ ಒಬ್ಬರು ಕೇಳಿದ್ದಾರೆ: ಸೌತೆಕಾಯಿ ಎರಡು ತಿಂಗಳು ಹೇಗೆ ಉಳೀತದೆ, ನಾಲ್ಕು ದಿನಕ್ಕೆ ಮೆತ್ತಗಾಗ್ತದಲ್ಲ? ಒಳ್ಳೆ ಪ್ರಶ್ನೆ, ನನ್ನ ಎರಡನೇ ಭಾಗಕ್ಕೆ ಇದೇ ಬಾಗಿಲು. ನೀವು ಹೇಳುವ ಸೌತೆ ನಮಗೆ ಮುಳ್ಳುಸೌತೆ. ಹಸಿಯಾಗಿ ತಿನ್ನುವಂಥದ್ದು. ನಮಗೆ ಬರೀ 'ಸೌತೆ' ಅಂದ್ರೆ ಸಾಂಬಾರಿಗೆ ಹಾಕುವ ದಪ್ಪ ತಿರುಳಿನ ಹಳದಿ ಕಾಯಿ, ನೀವು ಮಂಗಳೂರು ಸೌತೆ ಅಂತೀರಲ್ಲ ಅದು. ಒಂದೇ ಕನ್ನಡ, ಒಂದೇ ಶಬ್ದ, ಬೇರೆ ಕಾಯಿ. ಇನ್ನು ಪಾಲಿನ ಮನೆಗಳಲ್ಲಿ ಕನ್ನಡದ ಮನೆ ನಾಲ್ಕೇ. ಉಳಿದವು ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಒಂದು ಕರಾಡ ಮರಾಠಿ. ಸಪ್ತಭಾಷಾ ಸಂಗಮ ಅಂತ ವೇದಿಕೆಯಲ್ಲಿ ಹೇಳುವುದು ಸುಲಭ, ವಾಟ್ಸಾಪಿನಲ್ಲಿ ತರಕಾರಿ ಪಟ್ಟಿ ಬರೆಯುವಾಗ ಅದು ನಿಜವಾದ ತಲೆನೋವು.

ಉದಾಹರಣೆಗೆ ಒಂದು ವಾರದ ಪಟ್ಟಿ ಹೇಳ್ತೇನೆ. ಸೌತೆ ಮಲಯಾಳದಲ್ಲಿ ವೆಳ್ಳರಿ. ಮುಳ್ಳುಸೌತೆ ಹವ್ಯಕರಲ್ಲಿ ಚೆಕ್ಕರ್ಪೆ. ತೊಂಡೆ ತುಳುವಿನಲ್ಲಿ ಮನೋಳಿ, ಮಲಯಾಳದಲ್ಲಿ ಕೋವಯ್ಕ. ಹರಿವೆ ತುಳುವಿನಲ್ಲಿ ಪದ್ಪೆ, ಮಲಯಾಳದಲ್ಲಿ ಚೀರ, ಬೆಂಗಳೂರಿಗೆ ಹೋದ್ರೆ ದಂಟು. ಶಾಲೆಯ ಪುಸ್ತಕದಲ್ಲಿ ಸಿಹಿಗುಂಬಳ ಅಂತ ಇರುವುದನ್ನು ನಾವು ಚೀನಿಕಾಯಿ ಅಂತೇವೆ. ತುಳುವಿನಲ್ಲಿ ಕೆಂಬುಡೆ, ಮಲಯಾಳದಲ್ಲಿ ಮತ್ತಂಗ. ಹಾಗಲ ತುಳುವಿನಲ್ಲಿ ಕಂಚಲ್, ಮಲಯಾಳದಲ್ಲಿ ಪಾವಲ್ ಅಥವಾ ಕೈಪ.

ಭಾಷಾವಿಜ್ಞಾನದ ತರಗತಿಯಲ್ಲಿ ನಾವು ಪಕಾರ ಹಕಾರವಾದ ಪಾಠ ಓದ್ತೇವೆ. ಹಳಗನ್ನಡದ 'ಪಾಲ್' ಹಾಲಾಯಿತು, 'ಪೂ' ಹೂವಾಯಿತು. ಪರೀಕ್ಷೆಗೆ ಐದು ಅಂಕದ ಟಿಪ್ಪಣಿ. ಈ ಗದ್ದೆಯಲ್ಲಿ ಅದು ಇನ್ನೂ ಮುಗಿಯದ ಪಾಠ. ಒಂದೇ ಬಳ್ಳಿಯ ಕಾಯಿಯನ್ನು ನಾನು ಹೀರೆ ಅಂತೇನೆ, ಪಕ್ಕದ ಮನೆಯ ಅಕ್ಕ ತುಳುವಿನಲ್ಲಿ ಪೀರೆ ಅಂತಾರೆ. ಅವರ ಬಾಯಿಯಲ್ಲಿ ಉಳಿದಿರುವುದು ಹಳಗನ್ನಡದ ರೂಪವೂ ಹೌದು. ಹಾಗಲ ಹಿಂದೆ ಪಾಗಲ್ ಆಗಿತ್ತು, ಮಲಯಾಳದ ಪಾವಲ್ ಅದರ ಸೋದರ. ಕನ್ನಡದ ಪಡವಲ ಮಾತ್ರ ಹಡವಲ ಆಗದೆ ಉಳಿದಿದೆ. ಸಂಸ್ಕೃತದ 'ಪಟೋಲ'ದ ನಂಟು ಅದನ್ನು ಹಿಡಿದು ನಿಲ್ಲಿಸಿತೋ ಏನೋ, ಇದು ನನ್ನ ಊಹೆ, ಭಾಷಾವಿಜ್ಞಾನದ ಅಧ್ಯಾಪಕರು ಇದ್ದಾರೆ, ಅವರು ಹೇಳಲಿ. ನನಗೆ ಮುಖ್ಯವಾದದ್ದು ಇಷ್ಟು: ಕನ್ನಡದ ಒಂದು ಸಾವಿರ ವರ್ಷದ ಧ್ವನಿ ಬದಲಾವಣೆ ಎರಡು ಅಡುಗೆಮನೆಗಳ ನಡುವಿನ ಬೇಲಿಯ ಆಚೀಚೆ ಇವತ್ತೂ ನಿಂತುಕೊಂಡಿದೆ.

ಇವು ನಿಘಂಟಿನಲ್ಲಿ ಇಲ್ಲವಾ? ಇವೆ. ಮಂಗಳೂರಿನ ಬಾಸೆಲ್ ಮಿಶನ್ 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟನ್ನೂ 1894ರಲ್ಲಿ ಕಿಟೆಲ್ ಅವರ ಕನ್ನಡ ನಿಘಂಟನ್ನೂ ತಂದಿತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು ಬಂದಿದೆ. ಶಬ್ದ ಅಲ್ಲಿ ಭದ್ರವಾಗಿದೆ. ಆದ್ರೆ ಬೀಜ ನಿಘಂಟಿನಲ್ಲಿ ಮೊಳೆಯುವುದಿಲ್ಲ. ನಮಗೆ ಈಗ ಸಿಗುವ ಬೀಜದ ಪೊಟ್ಟಣಗಳ ಮೇಲೆ ಬರಹ ಮಲಯಾಳ ಅಥವಾ ಇಂಗ್ಲಿಷಿನಲ್ಲಿ. ಈ ಪ್ರದೇಶ ಭಾಷಾ ಅಲ್ಪಸಂಖ್ಯಾತ ಪ್ರದೇಶ, ಸರಕಾರಿ ಮಾಹಿತಿ ಕನ್ನಡದಲ್ಲೂ ಸಿಗಬೇಕು ಎಂಬುದು ಹಳೆಯ ಬೇಡಿಕೆ, ಅದರ ಬಗ್ಗೆ ಬೇರೆಯವರು ನನಗಿಂತ ಚೆನ್ನಾಗಿ ಮಾತಾಡ್ತಾರೆ. ನಾನು ಕಂಡದ್ದು ಅದರ ಸಣ್ಣ ಪರಿಣಾಮ. ಪೊಟ್ಟಣದ ಮೇಲಿನ ಹೆಸರನ್ನು ಓದುವ ಮಕ್ಕಳು ಗುಂಪಿನಲ್ಲಿ ಅದೇ ಹೆಸರನ್ನು ಬರೀತಾರೆ. ಕನ್ನಡ ಮನೆಯ ಮಕ್ಕಳೇ ಈಗ ಹರಿವೆಗೆ ಚೀರ ಅಂತಾರೆ. ಅದರಲ್ಲಿ ದೋಷ ಹುಡುಕ್ಲಿಕ್ಕೆ ನಾನು ಹೊರಟಿಲ್ಲ. ಭಾಷೆಗಳು ನೆರೆಹೊರೆಯಲ್ಲಿರುವಾಗ ಶಬ್ದಗಳು ಬೇಲಿ ಹಾರ್ತವೆ, ಯಾವಾಗಲೂ ಹಾರಿವೆ. ತೊಂದರೆ ಬೇರೆ ಕಡೆ ಉಂಟು. 'ಚೀರ' ಎಂಬ ಪೊಟ್ಟಣದಲ್ಲಿ ಬರುವುದು ಎಲೆಗಾಗಿ ಬೆಳೆಸುವ ಕೆಂಪು ಸೊಪ್ಪು. ನಮ್ಮ ಹಳೆಯ ಹರಿವೆಯಲ್ಲಿ ಎಲೆಗಿಂತ ದಂಟು ಮುಖ್ಯ. ಆಳೆತ್ತರ ಬೆಳೆದ ಹರಿವೆಯ ದಂಟನ್ನು ಬೆರಳುದ್ದ ಕತ್ತರಿಸಿ ಹುಳಿ ಮಾಡ್ತಾರೆ. ಹೆಸರು ಬದಲಾದಾಗ ಬೀಜವೂ ಬದಲಾಯಿತು, ಬೀಜ ಬದಲಾದಾಗ ಆ ಹುಳಿಯೂ ಹೋಯಿತು.

ಇನ್ನೊಂದು ಶಬ್ದ ಉಂಟು, ಅದನ್ನು ಹೇಳದೆ ಕಾಸರಗೋಡಿನ ತರಕಾರಿಯ ಬಗ್ಗೆ ಮಾತು ಪೂರ್ತಿಯಾಗುವುದಿಲ್ಲ. 'ಮದ್ದು'. ಜ್ವರಕ್ಕೆ ಕುಡಿಯುವುದೂ ಮದ್ದು. ಅಡಿಕೆ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಸೇರಿಸಿ ಸಿಂಪಡಿಸುವುದೂ 'ಮದ್ದು ಬಿಡುವುದು'. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದಾಗ ಜನ ಅದಕ್ಕೂ ಮದ್ದು ಅಂತಲೇ ಹೇಳಿದ್ರು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರುಗಳಲ್ಲಿ ಅದರ ಪರಿಣಾಮ ಏನಾಯಿತು ಎಂಬುದು ಲೋಕಕ್ಕೆ ಗೊತ್ತಿದೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. ಆ ಮನೆಗಳಲ್ಲಿ ಈಗಲೂ ಮಕ್ಕಳಿಗೆ ಮದ್ದು ತರ್ತಾರೆ, ಆಸ್ಪತ್ರೆಯಿಂದ. ಒಂದೇ ಶಬ್ದ. ಕೃಷಿ ಇಲಾಖೆಯ ಬರಹದ ಕನ್ನಡದಲ್ಲಿ 'ಕೀಟನಾಶಕ' ಅಂತ ಇದೆ, ಸುರಕ್ಷಿತವಾದ ಶಬ್ದ, ಅದರೊಳಗೆ ಯಾರ ನೆನಪೂ ಇಲ್ಲ. ನಮ್ಮ ಗುಂಪಿಗೆ ಸೇರುವಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ಕ್ರಯದ್ದಲ್ಲ. "ಮದ್ದು ಬಿಟ್ಟದ್ದಾ?"

ಮದ್ದು ಇಲ್ಲದೆ ಮಾಡುವುದು ಅಂದ್ರೆ ಕೈಕೆಲಸ ಜಾಸ್ತಿ. ಬುಡಕ್ಕೆ ಸುಡುಮಣ್ಣು, ಹಟ್ಟಿಗೊಬ್ಬರ. ಅಲಸಂಡೆಯ ಕುಡಿಗೆ ಹೇನು ಕೂತರೆ ಬೆಳಿಗ್ಗೆ ಇಬ್ಬನಿ ಇರುವಾಗಲೇ ಒಲೆಯ ಬೂದಿ ಎರಚಬೇಕು, ಬಿಸಿಲೇರಿದ ಮೇಲೆ ಬೂದಿ ನಿಲ್ಲುವುದಿಲ್ಲ. ಹಾಗಲ, ಪಡವಲದ ಮಿಡಿಗೆ ನೊಣ ಚುಚ್ಚಿದ್ರೆ ಕಾಯಿ ಒಳಗಿಂದ ಕೊಳೆಯುತ್ತದೆ. ಹಾಗಾಗಿ ಹೂ ಉದುರಿದ ಕೂಡಲೇ ಒಂದೊಂದು ಮಿಡಿಗೂ ಕಾಗದದ ಚೀಲ ಕಟ್ಟಬೇಕು. ಕನ್ನಡ ಪತ್ರಿಕೆಯ ಹಾಳೆಯೇ ಆಗಬೇಕು, ಹೊಳಪಿನ ಕಾಗದ ಆಗುವುದಿಲ್ಲ ಅಂತ ಅಕ್ಕಂದಿರ ಅನುಭವ. ಗಡಿನಾಡಿನ ಕನ್ನಡ ಪತ್ರಿಕೆಗಳ ಉಪಯುಕ್ತತೆಯ ಬಗ್ಗೆ ಯಾರಾದ್ರೂ ಸಂಶೋಧನೆ ಮಾಡುವುದಿದ್ರೆ ಇದನ್ನೂ ಸೇರಿಸಬಹುದು. ಪಡವಲ ಸೊಟ್ಟಗಾಗದ ಹಾಗೆ ತುದಿಗೆ ಸಣ್ಣ ಕಲ್ಲು ಕಟ್ಟುವುದನ್ನು ನೀವು ನೋಡಿರಬಹುದು. ನೀರು ಹತ್ತಿರದ ಸುರಂಗದ್ದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ತಾನಾಗಿ ಹರಿದು ಬರುವ ನೀರು ಮಣ್ಣಿನ ಟ್ಯಾಂಕಿಯಲ್ಲಿ ನಿಲ್ತದೆ. ಮಾರ್ಚ್ ಕೊನೆಗೆ ಅದು ನೂಲಿನಷ್ಟಾದಾಗ ಯಾವ ಸಾಲಿಗೆ ನೀರು, ಯಾವುದನ್ನು ಬಿಡುವುದು ಅಂತ ತೀರ್ಮಾನ ಮಾಡಬೇಕಾಗ್ತದೆ. ಪ್ರತಿ ಸಲ ಬಿಡುವುದು ಬದನೆಯನ್ನೇ, ಉಳಿಸುವುದು ಸೌತೆಯನ್ನು.

ಫೆಬ್ರವರಿಯಲ್ಲಿ ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗುವ ದಿನಗಳು, ಮಣ್ಣು ಅಗೆಯುವ ಹಾಗಿಲ್ಲ. ಗದ್ದೆಯಲ್ಲಿ ಕೆಲಸ ಜೋರಿರುವ ಹೊತ್ತು ಅದು. ಎಂಟು ಮಂದಿಯೂ ಆ ದಿನ ಗದ್ದೆಗೆ ಇಳಿಯುವುದಿಲ್ಲ, ಆ ವಾರ ಪಾಲು ಇಲ್ಲ, ಯಾರೂ ದೂರು ಹೇಳ್ಲಿಲ್ಲ. ಜೂನಿನಲ್ಲಿ ಜಗಳ ಮಾಡಿದವರೂ ಹೇಳ್ಲಿಲ್ಲ ಎಂಬುದು ನನಗೆ ಕುತೂಹಲದ ಸಂಗತಿ.

ಅಕ್ಕಲಕೋಟೆಯ ಗೆಳೆಯರು ಎಳ್ಳಮಾಸಿಯ ಬಗ್ಗೆ ಕೇಳಿದ್ದಾರೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಎಲ್ಲರೂ ಕೂತು ಉಣ್ಣುವ ಹಬ್ಬ. ನಮ್ಮಲ್ಲಿ ಅದಕ್ಕೆ ಸಮವಾದದ್ದು ಇಲ್ಲ. ನಿಮ್ಮದು ಹೊಲದಲ್ಲೇ ಕೂತು ಹಂಚಿಕೊಳ್ಳುವುದು, ನಮ್ಮದು ಮನೆಮನೆಗೆ ಕಳಿಸುವುದು. ಹಿತ್ತಿಲಿನ ಮೊದಲ ಹೀರೆ, ಮೊದಲ ಮುಳ್ಳುಸೌತೆ ದೇವಸ್ಥಾನಕ್ಕೆ, ಆಮೇಲೆ ನೆರೆಮನೆಗೆ. ಹೋಲಿಸಿ ಬರೆದ್ರೆ ಒಳ್ಳೆಯ ಲೇಖನ ಆದೀತು.

ಇನ್ನು ನೆಲದ ವಿಚಾರ. ಈ ಗದ್ದೆ ಹೆಂಗಸರದ್ದಲ್ಲ, ಭತ್ತ ನಿಲ್ಲಿಸಿ ಹಡಿಲು ಬಿಟ್ಟ ಒಬ್ಬರ ಗದ್ದೆ. ಇಲ್ಲಿಯೂ ಒಂದು ಶಬ್ದದ ತೊಡಕಿದೆ. ವರ್ಷಕ್ಕಿಷ್ಟು ಅಂತ ಕೊಟ್ಟು ಗದ್ದೆ ಮಾಡುವುದಕ್ಕೆ ನಮ್ಮ ಭಾಷೆಯಲ್ಲಿ 'ಗೇಣಿ' ಅಂತ ಶಬ್ದ ಉಂಟು, ಮಲಯಾಳದಲ್ಲಿ 'ಪಾಟ್ಟಂ'. ಎರಡನ್ನೂ ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು, ಹೊಸದಾಗಿ ಗೇಣಿಗೆ ಕೊಡುವುದನ್ನೂ ಕಾನೂನು ಒಪ್ಪುವುದಿಲ್ಲ. ಗೇಣಿದಾರರಿಗೆ ಅದರಿಂದ ಭೂಮಿ ಸಿಕ್ಕಿತು, ಇದು ಸಣ್ಣ ವಿಷಯವಲ್ಲ. ಇಲ್ಲಿನ ಎಂಟರಲ್ಲಿ ಮೂವರ ಮನೆಯ ಜಾಗ ಹಾಗೆ ಬಂದದ್ದೇ. ಅದೇ ಕಾರಣಕ್ಕೆ ಈಗ ಭೂಮಿ ಇರುವವರಿಗೆ ಆ ಶಬ್ದ ಕೇಳಿದ್ರೆ ಭಯ. ಹಾಗಾಗಿ ಕಾಗದವೂ ಇಲ್ಲ, ಹೆಸರೂ ಇಲ್ಲ. "ಸುಮ್ಮನೆ ಮಾಡ್ತಿದ್ದಾರೆ" ಅಂತ ಹೇಳುವುದು. ಸುಮ್ಮನೆ ಮಾಡುವವರನ್ನು ಸುಮ್ಮನೆ ಎಬ್ಬಿಸಲೂ ಬಹುದು.

ಮೊದಲಿಗೆ ನೆನಪಿಡಿ ಅಂದೆನಲ್ಲ, ನೆಟ್ಟಿ ಭತ್ತಕ್ಕೆ ಅಂಟಿಕೊಂಡ ಬೆಳೆ. ಭತ್ತದ ಗದ್ದೆಗಳು ಇಲ್ಲಿ ದಶಕಗಳಿಂದ ಅಡಿಕೆ ತೋಟ ಆಗುತ್ತ ಬಂದಿವೆ. 2008ರ ಕಾನೂನು ಗದ್ದೆಯನ್ನು ಪರಿವರ್ತಿಸಬಾರದು ಅನ್ನುತ್ತದೆ, ಅಷ್ಟರಲ್ಲಿ ಹೆಚ್ಚಿನದು ಆಗಿ ಹೋಗಿತ್ತು. ಅಡಿಕೆಯ ಲಾಭವನ್ನು ನಾನು ಹಳಿಯುವುದಿಲ್ಲ, ನನ್ನ ಕಾಲೇಜು ಫೀಸು ಅದರದ್ದೇ. ಆದ್ರೆ ತೋಟದ ನೆರಳಿನಲ್ಲಿ ಸೌತೆ ಆಗುವುದಿಲ್ಲ, ಹರಿವೆ ಏಳುವುದಿಲ್ಲ, ಚೀನಿಕಾಯಿ ಬಳ್ಳಿ ಹಬ್ಬಿದ್ರೂ ಕಾಯಿ ಕಚ್ಚುವುದಿಲ್ಲ. ನೆಟ್ಟಿಗೆ ಬೇಕಾದದ್ದು ಚಳಿಗಾಲದ ಬಯಲು, ಬಿಸಿಲು. ತರಕಾರಿ ಶಬ್ದಗಳ ನಷ್ಟಕ್ಕೆ ಮಲಯಾಳವನ್ನು ದೂರುವ ಅಭ್ಯಾಸ ನಮ್ಮಲ್ಲಿದೆ. ನನ್ನ ಪಟ್ಟಿಗಳನ್ನು ನೋಡಿದ್ರೆ ಅರ್ಧಕ್ಕರ್ಧ ನಷ್ಟ ಬಿಸಿಲು ಬೀಳುವ ಗದ್ದೆ ಇಲ್ಲವಾದದ್ದರಿಂದ ಆಗಿದೆ. ಇದನ್ನು ವಾದವಾಗಿಯೇ ಮಂಡಿಸ್ತಾ ಇದ್ದೇನೆ, ಒಪ್ಪದವರು ಚರ್ಚೆಯಲ್ಲಿ ಹೇಳಬಹುದು.

ಈ ಸಲದ ಬಿಸು ಕಳೆದ ಮೇಲೆ ಗದ್ದೆಯವರು ಅಡಿಕೆ ಸಸಿ ಇಡುವ ಯೋಚನೆ ಇದೆ ಅಂತ ತಿಳಿಸಿದ್ದಾರೆ. ತೋಡಿನ ಆಚೆ ಇನ್ನೊಂದು ಹಡಿಲು ಗದ್ದೆ ಉಂಟು, ಮಾತುಕತೆ ನಡೀತಾ ಉಂಟು, ಅಲ್ಲಿಗೆ ಸುರಂಗದ ನೀರು ಮುಟ್ಟಿಸಲು ಪೈಪು ಬೇಕು. ತೀರ್ಮಾನ ಆಗುವವರೆಗೆ ಹೆಂಗಸರು ಬೀಜವನ್ನು ಒಂದೇ ಕಡೆ ಇಡದೆ ಹಂಚಿದ್ದಾರೆ. ಮನೆಗೊಂದು ಜಾತಿ. ಸೌತೆಯ ಬೀಜ ಬೂದಿಯಲ್ಲಿ ಹೊರಳಿಸಿ ಶೀಶೆಯಲ್ಲಿ, ಹೀರೆ ಮಾತ್ರ ಒಣಗಿದ ಕಾಯಿಯೊಳಗೇ ಬಿಟ್ಟು ಒಲೆಯ ಹೊಗೆ ತಾಗುವಲ್ಲಿ ನೇತುಹಾಕಿ. ಶೀಶೆಗಳಿಗೆ ಚೀಟಿ ಅಂಟಿಸುವ ಕೆಲಸ ನನಗೆ ಬಂತು. ಕನ್ನಡ ಲಿಪಿಯಲ್ಲಿ ಕನ್ನಡದ್ದೂ ತುಳುವಿನದ್ದೂ ಹೆಸರು, ಅದರ ಕೆಳಗೆ ಮಲಯಾಳ ಲಿಪಿಯಲ್ಲಿ ಮಲಯಾಳದ್ದು, ಆಮೇಲೆ ಬೀಜ ಹಾಕುವ ತಿಂಗಳು. ದಂಟಿನ ಹಳೆಯ ಹರಿವೆ ಸಿಕ್ಕಿದ್ದು ಬ್ಯಾರಿ ಮನೆಯೊಂದರಲ್ಲಿ, ಅವರು ಅದನ್ನು ಬಿಡದೆ ಬೆಳೆಸ್ತಾ ಇದ್ದರು. ಬೇರೆ ಗಡಿಭಾಗದವರ ಹತ್ತಿರ ಇಂಥದೇ ಪಟ್ಟಿಗಳಿದ್ರೆ ನನಗೆ ಕಳಿಸಿ, ಮುಖ್ಯವಾಗಿ ಹರಿವೆ ಮತ್ತು ಸೌತೆಗೆ ನಿಮ್ಮಲ್ಲಿರುವ ಹೆಸರುಗಳು, ಬಿತ್ತುವ ತಿಂಗಳಿನ ಜತೆಗೆ. ಪ್ರಶ್ನೆಗಳಿದ್ರೆ ಈಗ ಕೇಳಬಹುದು.